ಕೋಡಿಗಿಂತ ಮೊದಲು ನಿಂತ ನೀರು: ಕಣಗಳ ಲೆಕ್ಕದಲ್ಲಿ ನನ್ನ ಅನುಭವ

ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟದಲ್ಲಿ ಒಂದು ಕೆರೆ ಇದೆ. ಮಳೆಗಾಲದಲ್ಲಿ ಅದು ಕೋಡಿ ಬಿದ್ದಾಗ ಗೋಡೆಯ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂದು ಎಸ್‌ಪಿಎಚ್ (ಸ್ಮೂತ್ಡ್ ಪಾರ್ಟಿಕಲ್ ಹೈಡ್ರೋಡೈನಾಮಿಕ್ಸ್) ವಿಧಾನದಲ್ಲಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದೆ. ಇದರಲ್ಲಿ ನೀರು ಎಂದರೆ ಓಡಾಡುವ ಕಣಗಳ ಗುಂಪು. 1977ರಲ್ಲಿ ನಕ್ಷತ್ರಗಳ ಅಧ್ಯಯನಕ್ಕೆಂದು ಹುಟ್ಟಿದ ವಿಧಾನ. ಸಿಡಿದು ಬೀಳುವ ನೀರಿಗೆ ಚೆನ್ನಾಗಿ ಒಗ್ಗುತ್ತದೆ. ಒತ್ತಡದ ಅಂಕಿಗಳು ಮಾತ್ರ ಕುಣಿಯುತ್ತವೆ.

ಮೊದಲು ನೋಡಿದ್ದು ಅಳತೆಯ ಮೂಲಬಿಂದು. ಯುಟಿಎಂ, ಅಂದರೆ ಭೂಪಟದಲ್ಲಿ ಜಾಗವನ್ನು ಮೀಟರ್‌ನಲ್ಲಿ ಹೇಳುವ ಪದ್ಧತಿ. ಅದರ ಅಂಕಿಗಳಲ್ಲಿ ನಮ್ಮ ಊರು ಸಮಭಾಜಕದಿಂದ ಸುಮಾರು 13.9 ಲಕ್ಷ ಮೀಟರ್ ಉತ್ತರಕ್ಕಿದೆ. ಅಷ್ಟು ದೊಡ್ಡ ಅಂಕಿಯನ್ನು ಕಂಪ್ಯೂಟರ್‌ನಲ್ಲಿ 32 ಬಿಟ್‌ನ ದಶಮಾಂಶ ಸಂಖ್ಯೆಯಾಗಿ (ಫ್ಲೋಟ್) ಇಟ್ಟರೆ ಪಕ್ಕಪಕ್ಕದ ಎರಡು ಅಂಕಿಗಳ ನಡುವೆಯೇ 12.5 ಸೆಂಟಿಮೀಟರ್ ಅಂತರ. ನನ್ನ ಕಣಗಳ ಅಂತರ 2 ಸೆಂಟಿಮೀಟರ್! ಹಾಗಾಗಿ ಕೋಡಿಯ ಮೂಲೆಯನ್ನೇ ಶೂನ್ಯ ಮಾಡಿಕೊಂಡೆ.

ಆಮೇಲೂ ಹರಿಯುವ ನೀರಿಗೆ ಕೈ ಹಾಕಲಿಲ್ಲ. ಒಂದು ಮೀಟರ್ ಆಳದ ನಿಂತ ನೀರಿನ ಮೇಲೆ ಲೆಕ್ಕ ಓಡಿಸಿದೆ. ತಳದಲ್ಲಿ 9.81 ಕಿಲೋಪ್ಯಾಸ್ಕಲ್ ಬರಬೇಕು, ಕಣಗಳು ಅಲುಗಾಡಬಾರದು. ಇಲ್ಲೇ ಒತ್ತಡ ಸರಿ ಬರದಿದ್ದರೆ ಕೋಡಿಯ ಮಾತು ಯಾಕೆ, ಅಲ್ವಾ?

ಈ ವಿಧಾನದಲ್ಲಿ ನೀರು ಚೂರು ಕುಗ್ಗುತ್ತದೆ ಎಂದುಕೊಂಡು, ಸಾಂದ್ರತೆಯಿಂದ ಒತ್ತಡ ತೆಗೆಯುತ್ತೇವೆ. ನೀರು ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಡುವ ಶಬ್ದದ ವೇಗ ನಿರ್ಧರಿಸುತ್ತದೆ. ಅದನ್ನು ನಿಜವಾದ ವೇಗದ ಬದಲು ಹರಿವಿನ ಗರಿಷ್ಠ ವೇಗದ ಹತ್ತು ಪಟ್ಟು ಇಡುವುದು ರೂಢಿ. ನನ್ನ ನೀರು ಸೆಕೆಂಡಿಗೆ 4 ಮೀಟರ್, ಶಬ್ದ 40. ಆಗ ಸಾಂದ್ರತೆ ಸಾವಿರಕ್ಕೆ ಒಂದು ಪಾಲು ತಪ್ಪಿದರೂ ಒತ್ತಡ 16 ಸೆಂಟಿಮೀಟರ್ ನೀರಿನಷ್ಟು ತಪ್ಪುತ್ತದೆ. ಅದಕ್ಕೆ ಸಾಂದ್ರತೆಯ ಏರಿಳಿತ ತಗ್ಗಿಸುವ ಡೆಲ್ಟಾ ಪದವನ್ನು 0.1ರಲ್ಲಿ ಸೇರಿಸಿದೆ. ಕುಣಿತ ಬಹಳ ಇಳಿಯಿತು. ಆದರೆ ಇದರ ಸರಳ ರೂಪ ಮೇಲ್ಮೈ ಕಣಗಳನ್ನು ಸುಮ್ನೆ ಮೇಲಕ್ಕೆ ತಳ್ಳುತ್ತದೆ. ಆಳದಿಂದ ಬರುವ ಒತ್ತಡದ ಪಾಲನ್ನು ಕಳೆದು, ಉಳಿದದ್ದಕ್ಕಷ್ಟೇ ಕೆಲಸ ಮಾಡುವ ರೂಪ ವಾಸಿ.

ಕಣ ಚಿಕ್ಕದಾದರೆ ತಪ್ಪು ತಾನಾಗಿಯೇ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಅಂತರ ಅರ್ಧ ಮಾಡಿದರೆ ಮೂರು ಆಯಾಮದಲ್ಲಿ ಕಣಗಳು 8 ಪಟ್ಟು, ಕಾಲದ ಹೆಜ್ಜೆಗಳು 2 ಪಟ್ಟು, ಒಟ್ಟು ಕೆಲಸ 16 ಪಟ್ಟು. ಮಳೆಗಾಲದ ನಮ್ಮ ಕರೆಂಟ್‌ನಲ್ಲಿ ಅದು ಸಣ್ಣ ವಿಷಯವಲ್ಲ. ಇಷ್ಟಾದರೂ ನೆರೆಕಣಗಳ (ಒಂದು ಕಣದ ಲೆಕ್ಕಕ್ಕೆ ಸೇರುವ ಸುತ್ತಲಿನ ಕಣಗಳ) ಸಂಖ್ಯೆ ಮೊದಲಿನಷ್ಟೇ ಇದ್ದರೆ ತಪ್ಪು ಒಂದು ಹಂತದಲ್ಲಿ ಇಳಿಯದೆ ನಿಂತುಬಿಡುತ್ತದೆ. ನೆರೆಕಣ ಜಾಸ್ತಿ ಬೇಕು. ನೆರೆಕಣಕ್ಕೆ ದೂರದ ಪ್ರಕಾರ ಎಷ್ಟು ತೂಕ ಕೊಡಬೇಕು ಎಂದು ಹೇಳುವ ಸೂತ್ರಕ್ಕೆ ಕರ್ನಲ್ ಎನ್ನುತ್ತಾರೆ. ಕ್ಯೂಬಿಕ್ ಸ್ಪ್ಲೈನ್ ಎಂಬ ಕರ್ನಲ್‌ನಲ್ಲಿ ಹಾಗೆ ಮಾಡಿದರೆ ಕಣಗಳು ಜೋಡಿಜೋಡಿಯಾಗಿ ಅಂಟಿಕೊಳ್ಳುತ್ತವೆ. ವೆಂಡ್‌ಲ್ಯಾಂಡ್ ಕರ್ನಲ್‌ನಲ್ಲಿ ಆ ಕಾಟ ಇಲ್ಲ.

ಇನ್ನು ಶಿಫ್ಟಿಂಗ್, ಅಂದರೆ ಕಣಗಳನ್ನು ಚೂರು ಸರಿಸಿ ಸಮನಾಗಿ ಹರಡುವುದು. ಕೆರೆಯ ಒಳಗೆ ಅದು ಬೇಕೇ ಬೇಕು. ಕೋಡಿಯಿಂದ ಬೀಳುವ ತೆಳು ನೀರಿನಲ್ಲಿ ಮಾತ್ರ ಆಫ್ ಮಾಡಿದ್ದೇನೆ. ಇಲ್ಲದಿದ್ದರೆ ಅಂಚಿನ ಕಣಗಳು ಹೊರಕ್ಕೆ ಹರಡಿ, ನೀರು ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ.