ಪ್ರತಿ ಸಲವೂ 127 ಸೆಕೆಂಡ್

ನಮ್ಮ ಒಂದು ಸರ್ವಿಸ್ ಡೇಟಾಬೇಸ್‌ಗೆ ಸಂಪರ್ಕಿಸುವಾಗ ಆಗಾಗ ಎರಡು ನಿಮಿಷ ಸುಮ್ನೆ ಕೂತುಬಿಡುತ್ತಿತ್ತು. ಆಮೇಲೆ ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಒಂದೇ ಸಾಲು. ಡೇಟಾಬೇಸ್ ಮೇಲೆ ಗೂಬೆ ಕೂರಿಸಿ ಎರಡು ದಿನ ಕಳೆದೆ. ಕೊನೆಗೆ ಲಾಗ್‌ನಲ್ಲಿ ಹೊತ್ತು ಲೆಕ್ಕ ಹಾಕಿದರೆ ಪ್ರತಿ ಸಲವೂ 127 ಸೆಕೆಂಡ್. ನೆಟ್‌ವರ್ಕ್ ನಿಧಾನವಾಗಿದ್ದರೆ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಅಲ್ವಾ?

ಸರ್ವಿಸ್ ಕೂತಾಗ, ನೆಟ್‌ವರ್ಕ್ ಸಂಪರ್ಕಗಳ ಸ್ಥಿತಿ ಹೇಳುವ ‘ಎಸ್‌ಎಸ್’ ಕಮಾಂಡ್‌ನಲ್ಲಿ ಟೈಮರ್ ತೋರಿಸುವ ಆಯ್ಕೆ ಹಾಕಿ ನೋಡಿದೆ. ಸಾಕೆಟ್ (ಸಂಪರ್ಕದ ನಮ್ಮ ತುದಿ) ‘ಸಿನ್-ಸೆಂಟ್’ನಲ್ಲೇ ನಿಂತಿತ್ತು, ಅಂದರೆ ಸಂಪರ್ಕ ಕೇಳುವ ಮೊದಲ ಪ್ಯಾಕೆಟ್ ಆದ ‘ಸಿನ್’ ಹೋಗಿದೆ, ಉತ್ತರ ಬಂದಿಲ್ಲ. ನಮ್ಮಲ್ಲಿದ್ದ ಹಳೆಯ ಲಿನಕ್ಸ್ ಮೊದಲ ಸಿನ್ ಕಳಿಸಿ 1 ಸೆಕೆಂಡ್ ಕಾಯುತ್ತಿತ್ತು. ಉತ್ತರ ಬರದಿದ್ದರೆ ಮತ್ತೆ ಕಳಿಸಿ 2 ಸೆಕೆಂಡ್, ಆಮೇಲೆ 4, 8, 16, 32, 64. ಆರು ಮರುಪ್ರಯತ್ನ, ಕೂಡಿಸಿದರೆ 127. (ಮೊದಲ ಕಾಯುವಿಕೆ ಹಿಂದೆ 3 ಸೆಕೆಂಡ್ ಇತ್ತು, 2011ರ ಆರ್‌ಎಫ್‌ಸಿ 6298 ಎಂಬ ಇಂಟರ್ನೆಟ್ ಮಾನದಂಡ ಅದನ್ನು 1ಕ್ಕೆ ಇಳಿಸಿತು.)

ಆಚೆಯ ಯಂತ್ರ ‘ಇಲ್ಲ’ ಅಂತ ಆರ್‌ಎಸ್‌ಟಿ (ನಿರಾಕರಣೆಯ ಪ್ಯಾಕೆಟ್) ಕಳಿಸಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಇಲ್ಲಿ ನಡುವಿನ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತಿತ್ತು.

ಫೈರ್‌ವಾಲ್ ನಮ್ಮ ಕೈಯಲ್ಲಿರಲಿಲ್ಲ. ಹಾಗಾಗಿ ಸರ್ವರ್‌ನಲ್ಲಿ ಎಷ್ಟು ಮರುಪ್ರಯತ್ನ ಅಂತ ಹೇಳುವ ‘ಟಿಸಿಪಿ ಸಿನ್ ರಿಟ್ರೈಸ್’ ಸೆಟ್ಟಿಂಗ್ ಅನ್ನು 6ರಿಂದ 2ಕ್ಕೆ ಇಳಿಸಿದೆ. ಏನೂ ಬದಲಾಗಲಿಲ್ಲ! ತಲೆ ಕೆರೆದುಕೊಂಡೆ. ಸರ್ವಿಸ್ ಓಡುತ್ತಿದ್ದದ್ದು ಕಂಟೇನರ್ (ಪ್ರೋಗ್ರಾಂ ಅನ್ನು ಬೇರ್ಪಡಿಸಿ ಓಡಿಸುವ ಡಬ್ಬಿ) ಒಳಗೆ, ಕಂಟೇನರ್‌ಗೆ ತನ್ನದೇ ನೆಟ್‌ವರ್ಕ್ ನೇಮ್‌ಸ್ಪೇಸ್, ಅಂದರೆ ಪ್ರತ್ಯೇಕ ನೆಟ್‌ವರ್ಕ್ ಸೆಟ್ಟಿಂಗ್‌ಗಳು, ಅದರಲ್ಲಿ ಆ ಸಂಖ್ಯೆ ಇನ್ನೂ 6. ಹೊರಗೆ ಬದಲಿಸಿದ್ದು ಒಳಗೆ ತಾಕುವುದಿಲ್ಲ. ಇದು ತಿಳಿಯಲು ಅರ್ಧ ದಿನ ಹೋಯಿತು.

ಒಳಗೂ 2 ಮಾಡಬಹುದಿತ್ತು. ಆದರೆ ಅದೇ ಕಂಟೇನರ್ ಪ್ಯಾಕೆಟ್ ಕಳೆಯುವ ಒಂದು ಕೆಟ್ಟ ಲಿಂಕ್ ಮೇಲೂ ಮಾತಾಡುತ್ತಿತ್ತು. ಅಲ್ಲಿ ಮೂರ್ನಾಲ್ಕು ಮರುಪ್ರಯತ್ನ ಬೇಕೇ ಬೇಕು. ಅದಕ್ಕೇ ಡೇಟಾಬೇಸ್ ಸಾಕೆಟ್‌ಗೆ ಮಾತ್ರ, ಒಂದೇ ಸಾಕೆಟ್‌ಗೆ ಮರುಪ್ರಯತ್ನ ನಿಗದಿ ಮಾಡುವ ‘ಟಿಸಿಪಿ ಸಿನ್‌ಕೌಂಟ್’ 2 ಅಂತ ಕೊಟ್ಟೆ. 1, 2, 4, ಒಟ್ಟು 7 ಸೆಕೆಂಡಿಗೆ ಕೈಬಿಟ್ಟು ಮುಂದಿನ ವಿಳಾಸಕ್ಕೆ ಹೋಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಹೊಸದು ಮಾಡಿದ ಮೇಲೆ 7 ಸೆಕೆಂಡ್ 11 ಆಯಿತು. 2023ರ 6.5 ಆವೃತ್ತಿಯಿಂದ, ಕಾಯುವ ಹೊತ್ತು ದುಪ್ಪಟ್ಟಾಗುವುದು ಶುರುವಾಗುವ ಮೊದಲು ನಾಲ್ಕು ಸಲ ಒಂದೊಂದೇ ಸೆಕೆಂಡಿಗೆ ಸಿನ್ ಕಳಿಸುತ್ತದೆ, ಆ ನಾಲ್ಕು ನಮ್ಮ ಎಣಿಕೆಗೆ ಸೇರುವುದಿಲ್ಲ. ಪ್ರಯತ್ನ ಎಣಿಸಿ ಹೊತ್ತು ಊಹಿಸುವ ಸಹವಾಸವೇ ಬೇಡ ಅನ್ನಿಸಿತು. ಈಗ ಕನೆಕ್ಟ್ ಅನ್ನು ನಾನ್-ಬ್ಲಾಕಿಂಗ್ (ಕಾಯದೆ ತಕ್ಷಣ ಮರಳುವಂತೆ) ಮಾಡಿ, ಉತ್ತರಕ್ಕಾಗಿ ಕಾಯುವ ‘ಪೋಲ್’ಗೆ ನೇರವಾಗಿ 5 ಸೆಕೆಂಡ್ ಕೊಟ್ಟಿದ್ದೇನೆ.