ಹಳೆ ಗೋಡೆಗೆ ಜಿಪ್ಸಮ್ ಬೋರ್ಡ್: ಬಿರುಕು ಬಿಡದಂತೆ ಕೂರಿಸುವುದು ಹೇಗೆ?

ಉಬ್ಬುತಗ್ಗಾದ ಹಳೆ ಗೋಡೆಯನ್ನು ಕೆತ್ತಿ ಮತ್ತೆ ಪ್ಲಾಸ್ಟರಿಂಗ್ ಮಾಡಿಸಿದರೆ ಮನೆತುಂಬ ದೂಳು, ಮೇಲೆ ದಿನಗಟ್ಟಲೆ ಕ್ಯೂರಿಂಗ್. ಅದರ ಬದಲು ಗೋಡೆಯ ಮುಂದೆ ಜಿಐ (ಸತು ಲೇಪಿಸಿದ ತಗಡಿನ) ಫ್ರೇಮ್ ನಿಲ್ಲಿಸಿ, ಎರಡು ಕಾಗದದ ನಡುವೆ ಜಿಪ್ಸಮ್ ತುಂಬಿದ ಬೋರ್ಡ್ ಹೊದಿಸುವುದು ಸುಲಭ. ಕೋಣೆಯ ಅಗಲದಲ್ಲಿ ಸುಮಾರು ಮೂರು ಇಂಚು ಹೋಗುತ್ತದೆ, ಅಷ್ಟೆ.

ಗೋಡೆಯಲ್ಲಿ ತೇವವಿದ್ದರೆ ಮಾತ್ರ ಕೈಹಾಕಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಗೋಡೆಗೆ ಅಂಟಿಸಿಡಿ. ಒಳಗೆ ಹನಿ ಕಟ್ಟಿದರೆ ಮೊದಲು ಸೋರಿಕೆ ಸರಿಪಡಿಸಬೇಕು. ಬೋರ್ಡ್ ತೇವವನ್ನು ತಡೆಯುವುದಿಲ್ಲ, ಕಣ್ಣಿಗೆ ಕಾಣದಂತೆ ಮಾಡುತ್ತದೆ. ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಬಚ್ಚಲಿಗೆ ಅಂಟಿದ ಗೋಡೆಗೆ ತೇವನಿರೋಧಕ ಹಸಿರು ಬೋರ್ಡ್ ತನ್ನಿ. ಅದೂ ನೀರು ಬೀಳುವ ಜಾಗಕ್ಕಲ್ಲ.

12 ಅಡಿ ಅಗಲ, 10 ಅಡಿ ಎತ್ತರದ ಗೋಡೆಯನ್ನೇ ತೆಗೆದುಕೊಳ್ಳಿ. 4x6 ಅಡಿಯ, 12.5 ಮಿ.ಮೀ. ದಪ್ಪದ ಬೋರ್ಡ್ ಲೆಕ್ಕದಲ್ಲಿ ಐದು ಸಾಕು ಎನಿಸುತ್ತದೆ. ಆದರೆ ನಾಲ್ಕಡಿ ಅಗಲದ ಮೂರು ನಿಲುವು ಸಾಲುಗಳಲ್ಲಿ ಪ್ರತಿಯೊಂದಕ್ಕೂ ಒಂದು ಆರಡಿ, ಒಂದು ನಾಲ್ಕಡಿ ತುಂಡು ಬೇಕಾದ್ದರಿಂದ ಆರು ತರಬೇಕು. ಎರಡಡಿಗೊಂದರಂತೆ ಏಳು ಸ್ಟಡ್ (ಫ್ರೇಮಿನ ನಿಲುವು ಕಂಬಿ), ಅವುಗಳ ತುದಿ ಕೂರಲು ನೆಲಕ್ಕೂ ಸೀಲಿಂಗ್‌ಗೂ ಸೇರಿ 24 ಅಡಿ ಚಾನೆಲ್, 25 ಮಿ.ಮೀ. ಡ್ರೈವಾಲ್ ಸ್ಕ್ರೂ 250. ಮರದ ರೀಪರ್ ಬೇಡ: ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ, ಗೆದ್ದಲಿಗೂ ಆಹಾರ.

ಗೋಡೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಂದ ಒಂದು ಸೆಂ.ಮೀ. ಮುಂದೆ ನೆಲದ ಮೇಲೆ ದಾರದಿಂದ ಗೆರೆ ಹೊಡೆಯಿರಿ. ತೂಕದ ಗುಂಡು ಬಿಟ್ಟು ಅದೇ ಗೆರೆಯನ್ನು ಸೀಲಿಂಗ್‌ಗೆ ಏರಿಸಿ. ಚಾನೆಲ್‌ಗಳನ್ನು ಎರಡಡಿಗೊಂದು ಪ್ಲಗ್ ಹಾಕಿ ಬಿಗಿದು, ಸ್ಟಡ್ ನಿಲ್ಲಿಸಿ. ಬೋರ್ಡಿನ ಅಡ್ಡ ಜೋಡು, ಅಂದರೆ ಮೇಲಿನ ಮತ್ತು ಕೆಳಗಿನ ತುಂಡು ಕೂಡುವ ಗೆರೆ, ಬರುವ ಎತ್ತರದಲ್ಲಿ ಹಿಂದೆ ಒಂದು ಅಡ್ಡ ಚಾನೆಲ್ ಇರಲೇಬೇಕು. ಕೆಲಸಗಾರರು ಬಿಟ್ಟುಬಿಡುವುದು ಇದನ್ನೇ. ಆಮೇಲೆ ಕಣ್ಣಿನ ಮಟ್ಟದಲ್ಲೇ ನೆಟ್ಟಗೆ ಬಿರುಕು ಕಾಣುತ್ತದೆ. ಟಿವಿ, ಕಪಾಟು ಬರುವ ಕಡೆ ಈಗಲೇ ಪ್ಲೈವುಡ್ ಕೂರಿಸಿ. ವಯರು ಪೈಪಿನೊಳಗೇ ಇರಲಿ, ತಗಡಿನ ಅಂಚು ಚೂಪು.

ಬೋರ್ಡ್ ಕತ್ತರಿಸಲು ಗರಗಸ ಬೇಕಿಲ್ಲ. ಮುಂಬದಿಯ ಕಾಗದವನ್ನು ಕಟ್ಟರ್‌ನಿಂದ ಗೀರಿ, ಹಿಂದಕ್ಕೆ ಮಡಚಿದರೆ ಪಟ್ಟೆಂದು ಮುರಿಯುತ್ತದೆ. ಆಮೇಲೆ ಹಿಂಬದಿಯ ಕಾಗದ ಕೊಯ್ಯಿರಿ. ನೆಲದಿಂದ ಒಂದು ಸೆಂ.ಮೀ. ಎತ್ತಿ ಕೂರಿಸಿ, ಇಲ್ಲದಿದ್ದರೆ ನೆಲ ಒರೆಸಿದ ನೀರನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಮೊದಲ ಸಾಲಲ್ಲಿ ಆರಡಿಯ ಬೋರ್ಡ್ ಕೆಳಗೆ, ಪಕ್ಕದ ಸಾಲಲ್ಲಿ ಮೇಲೆ ಬಂದರೆ ಅಡ್ಡ ಜೋಡು ಒಂದೇ ಗೆರೆಗೆ ಬೀಳುವುದಿಲ್ಲ. ಬಾಗಿಲಿನ ಮೂಲೆಗೆ ಜೋಡು ತರಬೇಡಿ. ಬಾಗಿಲು ಬಡಿದಾಗಲೆಲ್ಲ ಅದುರುವ ಜಾಗ ಅದು. ಬೋರ್ಡನ್ನು ‘ಎಲ್’ ಆಕಾರಕ್ಕೆ ಕೊಯ್ದು ಮೂಲೆ ದಾಟಿಸಿ.

ಸ್ಕ್ರೂ ನಡುವಿನಿಂದ ಅಂಚಿನ ಕಡೆಗೆ ಹೊಡೆಯುತ್ತಾ ಹೋಗಿ. ಅಂಚಿನಲ್ಲಿ 20 ಸೆಂ.ಮೀ.ಗೆ ಒಂದು, ನಡುವೆ 30ಕ್ಕೆ ಒಂದು. ತಲೆ ಕಾಗದವನ್ನು ಹರಿಯದೆ ಕೂದಲೆಳೆಯಷ್ಟು ಒಳಗಿಳಿಯಬೇಕು. ಹರಿದರೆ ಆ ಸ್ಕ್ರೂ ಹಿಡಿತ ಕೊಡುವುದಿಲ್ಲ, ಎರಡು ಇಂಚು ಪಕ್ಕದಲ್ಲಿ ಇನ್ನೊಂದು ಹಾಕಿ.

ಜೋಡಿಗೆ ಪೇಂಟರ್ ತರುವ ವಾಲ್ ಪುಟ್ಟಿ ಬೇಡ. ಅದು ಪೆಡಸು, ಬೋರ್ಡ್ ಸ್ವಲ್ಪ ಅಲುಗಿದರೂ ಸೀಳುತ್ತದೆ. ಜಾಯಿಂಟಿಂಗ್ ಕಾಂಪೌಂಡ್ ತುಂಬಿ, ಹಸಿಯಿರುವಾಗಲೇ ಪೇಪರ್ ಟೇಪ್ ಒತ್ತಿ, ಒಳಗಿನ ಗಾಳಿ ಹೊರಹೋಗುವಂತೆ ಕರಣೆಯಿಂದ ಎಳೆಯಿರಿ. ಎರಡನೇ ಕೋಟ್ ಎಂಟು ಇಂಚು ಅಗಲ, ಮೂರನೆಯದು ಹನ್ನೆರಡು. ಬೋರ್ಡಿನ ಉದ್ದದ ಅಂಚು ಕಾಂಪೌಂಡ್ ಕೂರಲೆಂದೇ ತುಸು ತಗ್ಗಾಗಿರುತ್ತದೆ; ಕತ್ತರಿಸಿದ ಅಂಚಿನ ಜೋಡಿಗೆ ಆ ತಗ್ಗಿರುವುದಿಲ್ಲವಾದ್ದರಿಂದ ಇನ್ನೂ ಅಗಲಕ್ಕೆ ತೆಳುವಾಗಿ ಹರಡಬೇಕು. ಕೋಟ್ ಕೋಟಿನ ನಡುವೆ 24 ಗಂಟೆ ಬಿಡಿ, ಜಡಿಮಳೆಯಲ್ಲಿ ಇನ್ನೂ ಹೆಚ್ಚು. ಕೊನೆಗೆ ನಯವಾದ ಉಜ್ಜುಕಾಗದದಿಂದ ಉಜ್ಜಿ, ಇಡೀ ಗೋಡೆಗೆ ಪ್ರೈಮರ್ ಹೊಡೆಯಿರಿ. ಕಾಗದ, ಕಾಂಪೌಂಡ್ ಎರಡೂ ಬಣ್ಣವನ್ನು ಬೇರೆಬೇರೆ ಹೀರುತ್ತವೆ. ಪ್ರೈಮರ್ ಬಿಟ್ಟರೆ ಸಂಜೆ ದೀಪ ಹಚ್ಚಿದಾಗ ಪ್ರತಿ ಜೋಡೂ ಪಟ್ಟೆಯಾಗಿ ಎದ್ದು ಕಾಣುತ್ತದೆ.