ಸ್ಲೀಪ್‌ನಿಂದ ಎದ್ದ ಲಿನಕ್ಸ್ ಲ್ಯಾಪ್‌ಟಾಪ್‌ನ ಪರದೆ ಸರಿಯಾಗಿ ಕಾಣದಿದ್ದರೆ

ಮುಚ್ಚಳ ತೆರೆದರೂ ಪರದೆ ಕಪ್ಪಾಗಿಯೇ ಉಳಿಯುವುದು, ಅಕ್ಷರಗಳಿದ್ದ ಜಾಗದಲ್ಲಿ ಬಣ್ಣದ ಚೂರುಗಳು ಕಾಣುವುದು, ಚಿತ್ರ ಒಂದೇ ಸಮನೆ ಮಿನುಗುವುದು, ಇವೆಲ್ಲ ಸ್ಲೀಪ್‌ನಿಂದ ಎದ್ದಾಗ ಮಾತ್ರ ಆಗುತ್ತಿದ್ದರೆ ಪರದೆಯೇ ಕೆಟ್ಟಿರುವ ಸಾಧ್ಯತೆ ಕಡಿಮೆ. ಸ್ಲೀಪ್‌ಗೆ ಹೋಗುವಾಗ ಗ್ರಾಫಿಕ್ಸ್ ಚಿಪ್‌ಗೆ ಹರಿಯುವ ವಿದ್ಯುತ್ ನಿಲ್ಲುತ್ತದೆ ಅಥವಾ ತೀರಾ ತಗ್ಗುತ್ತದೆ. ಎದ್ದ ಮೇಲೆ ಅದನ್ನು ಮೊದಲಿದ್ದ ಸ್ಥಿತಿಗೆ ತರುವ ಹೊಣೆ, ಆ ಚಿಪ್ ಅನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನದು. ತೊಂದರೆ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಸೆಟ್ಟಿಂಗ್‌ಗಳನ್ನು ಬದಲಿಸುವ ಮೊದಲು, ನಿಂತುಹೋಗಿರುವುದು ಯಾವುದು ಎಂದು ತಿಳಿದುಕೊಳ್ಳಬೇಕು.

ಪರದೆ ಕಪ್ಪಾಗಿದ್ದಾಗ ಪವರ್ ಬಟನ್ ಒತ್ತಿ ಹಿಡಿಯುವ ಆತುರ ಬೇಡ, ಏಕೆಂದರೆ ಉಳಿಸದ ಕಡತಗಳು ಅದರಿಂದ ನಷ್ಟವಾಗುತ್ತವೆ. ಟಾರ್ಚ್ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಟ್ಟು ನೋಡಿ. ಎಲ್‌ಸಿಡಿ ಪರದೆಯಲ್ಲಿ ಚಿತ್ರ ಮಸುಕಾಗಿ ಕಂಡರೆ ಹಿಂಬದಿಯ ದೀಪ ಮಾತ್ರ ಹೊತ್ತಿಲ್ಲ ಎಂದರ್ಥ, ಆಗ ಪ್ರಕಾಶ ಹೆಚ್ಚಿಸುವ ಕೀ ಒತ್ತಿದರೂ ಸಾಕಾಗಬಹುದು. ಏನೂ ಕಾಣದಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಗಳನ್ನು ಒಟ್ಟಿಗೆ ಒತ್ತಿ. ಕೆಲವು ಕೀಬೋರ್ಡ್‌ಗಳಲ್ಲಿ ಇದಕ್ಕೆ ಎಫ್‌ಎನ್ ಕೀ ಕೂಡ ಬೇಕಾಗುತ್ತದೆ. ಬರಹದ ಲಾಗಿನ್ ಪರದೆ ಬಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಜೀವಂತವಾಗಿದೆ, ದೋಷ ಡೆಸ್ಕ್‌ಟಾಪ್‌ನ ಹಂತದಲ್ಲಿರಬಹುದು. ಅಲ್ಲಿಂದ ಕಂಟ್ರೋಲ್ ಮತ್ತು ಆಲ್ಟ್ ಜೊತೆಗೆ ಎಫ್1, ಎಫ್2 ಅಥವಾ ಎಫ್7 ಬಳಸಿ ಹಿಂದಿರುಗಿದಾಗ ಡೆಸ್ಕ್‌ಟಾಪ್ ಮತ್ತೆ ಸರಿಯಾಗಿ ಚಿತ್ರಿತವಾಗುವುದೂ ಉಂಟು. ಯಾವುದಕ್ಕೂ ಉತ್ತರ ಬಾರದಿದ್ದಾಗ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ (ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀ) ಹಿಡಿದುಕೊಂಡು ಎಸ್, ಯು, ಬಿ ಕೀಗಳನ್ನು ತುಸು ಅಂತರ ಬಿಟ್ಟು ಕ್ರಮವಾಗಿ ಒತ್ತಿ. ನಿಮ್ಮ ವ್ಯವಸ್ಥೆಯಲ್ಲಿ ಇದಕ್ಕೆ ಅನುಮತಿಯಿದ್ದರೆ ಡಿಸ್ಕ್‌ಗೆ ಬರೆಯಬೇಕಾದದ್ದು ಬರೆಯಲ್ಪಟ್ಟು ಯಂತ್ರ ಮರುಪ್ರಾರಂಭವಾಗುತ್ತದೆ.

ಮತ್ತೆ ಲಾಗಿನ್ ಆದ ಕೂಡಲೇ ಟರ್ಮಿನಲ್ ತೆರೆದು, ಜರ್ನಲ್‌ಸಿಟಿಎಲ್ ಆದೇಶಕ್ಕೆ ಹೈಫನ್ ಕೆ, ಹೈಫನ್ ಬಿ, ಹೈಫನ್ 1 ಎಂಬ ಆಯ್ಕೆಗಳನ್ನು ಸೇರಿಸಿ ಹಿಂದಿನ ಬಾರಿಯ ಕರ್ನಲ್ ಸಂದೇಶಗಳನ್ನು ಓದಿ. ಸ್ಲೀಪ್‌ಗೆ ಹೋದ ಸಾಲಿನ ನಂತರ ಐ915, ಎಎಂಡಿಜಿಪಿಯು, ನೂವೋ ಅಥವಾ ಎನ್ವಿಡಿಯಾ ಎಂಬ ಗ್ರಾಫಿಕ್ಸ್ ಡ್ರೈವರ್‌ನ ಹೆಸರಿನೊಂದಿಗೆ ದೋಷದ ಸಾಲುಗಳಿದ್ದರೆ ಹುಡುಕಬೇಕಾದ ದಿಕ್ಕು ಸ್ಪಷ್ಟವಾಗುತ್ತದೆ. ಈ ದಾಖಲೆ ನೋಡದೆ ಸಿಕ್ಕಸಿಕ್ಕ ಪರಿಹಾರಗಳನ್ನು ಒಟ್ಟಿಗೆ ಹಾಕಿದರೆ ಮುಂದೆ ಯಾವುದು ಫಲಿಸಿತೆಂದು ತಿಳಿಯುವುದೇ ಇಲ್ಲ.

ತೊಂದರೆ ಇತ್ತೀಚಿನ ಅಪ್‌ಡೇಟ್‌ನ ಬಳಿಕ ಶುರುವಾಗಿದ್ದರೆ, ಯಂತ್ರ ಆರಂಭವಾಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಹಳೆಯ ಕರ್ನಲ್ ಆರಿಸಿಕೊಂಡು ಪರೀಕ್ಷಿಸುವುದೇ ಎಲ್ಲಕ್ಕಿಂತ ಸುಲಭದ ದಾರಿ. ಅದರಲ್ಲಿ ಎಲ್ಲವೂ ಸರಿಯಿದ್ದರೆ ಬೇರೆ ಪ್ರಯೋಗಗಳ ಅಗತ್ಯವಿಲ್ಲ, ಹೊಸ ಕರ್ನಲ್‌ನಲ್ಲಿ ತಿದ್ದುಪಡಿ ಬರುವ ತನಕ ಹಳೆಯದರಲ್ಲೇ ಇರಬಹುದು.

ಮಿನುಗುವಿಕೆಯೇ ಮುಖ್ಯ ಲಕ್ಷಣವಾಗಿದ್ದರೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂಬ ಸೌಲಭ್ಯವನ್ನು ಅನುಮಾನಿಸಬೇಕು. ಚಿತ್ರ ಬದಲಾಗದಿರುವಾಗ ಪರದೆ ತನ್ನದೇ ಸ್ಮೃತಿಯಿಂದ ಅದನ್ನು ತೋರಿಸುತ್ತಾ ವಿದ್ಯುತ್ ಉಳಿಸುವ ವ್ಯವಸ್ಥೆಯಿದು. ಇಂಟೆಲ್‌ನ ಐ915 ಡ್ರೈವರ್‌ನಲ್ಲಿ ಇದನ್ನು ಪರೀಕ್ಷೆಗಾಗಿ ನಿಲ್ಲಿಸಲು, ಗ್ರಬ್ ಮೆನುವಿನಲ್ಲಿ ಇ ಕೀ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು, ಐ915 ಡಾಟ್ ಎನೇಬಲ್ ಅಂಡರ್‌ಸ್ಕೋರ್ ಪಿಎಸ್‌ಆರ್ ಈಕ್ವಲ್ಸ್ 0 ಎಂಬುದನ್ನು ಇಂಗ್ಲಿಷಿನ ಸಣ್ಣ ಅಕ್ಷರ ಮತ್ತು ಚಿಹ್ನೆಗಳಲ್ಲಿ, ನಡುವೆ ಜಾಗವಿಲ್ಲದೆ ಬರೆಯಿರಿ. ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಆ ಒಂದು ಬಾರಿಗೆ ಮಾತ್ರ ಈ ಬದಲಾವಣೆ ಅನ್ವಯವಾಗುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಖರ್ಚಾಗಬಹುದಾದ್ದರಿಂದ, ನಿಜಕ್ಕೂ ಪ್ರಯೋಜನವಾದರಷ್ಟೇ ಇದನ್ನು ಗ್ರಬ್‌ನ ಕಡತದಲ್ಲಿ ಶಾಶ್ವತಗೊಳಿಸಿ.

ಎನ್ವಿಡಿಯಾ ಕಂಪನಿಯ ಸ್ವಂತ ಡ್ರೈವರ್ ಬಳಸುವವರಿಗೆ ಒಡೆದ ಅಕ್ಷರಗಳೂ ಬಣ್ಣದ ಚೂರುಗಳೂ ಕಂಡರೆ, ಸ್ಲೀಪ್ ವೇಳೆಯಲ್ಲಿ ವಿಡಿಯೊ ಸ್ಮೃತಿಯಲ್ಲಿದ್ದ ದತ್ತಾಂಶ ಪೂರ್ತಿಯಾಗಿ ಉಳಿಯದಿರುವುದು ಕಾರಣವಾಗಿರಬಹುದು. ಡ್ರೈವರ್‌ನ ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಶನ್ಸ್ ಆಯ್ಕೆಗೆ 1 ಎಂಬ ಬೆಲೆಯಿದೆಯೇ, ಅದರೊಂದಿಗೆ ಬರುವ ಎನ್ವಿಡಿಯಾ ಸಸ್ಪೆಂಡ್ ಮತ್ತು ಎನ್ವಿಡಿಯಾ ರೆಸ್ಯೂಮ್ ಸೇವೆಗಳು ಚಾಲ್ತಿಯಲ್ಲಿವೆಯೇ ನೋಡಿ. ಆ ದತ್ತಾಂಶವನ್ನು ಇಡುವ ತಾತ್ಕಾಲಿಕ ಫೋಲ್ಡರ್‌ನಲ್ಲಿ ಸಾಕಷ್ಟು ಜಾಗವೂ ಇರಬೇಕು; ಆ ಫೋಲ್ಡರ್ ರ‍್ಯಾಮ್‌ನಲ್ಲಿದ್ದರೆ ಡಿಸ್ಕ್‌ನಲ್ಲಿರುವ ಬೇರೆ ಫೋಲ್ಡರ್‌ಗೆ ಬದಲಿಸುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆ ಸ್ಲೀಪ್‌ನ ಬಗೆಗೆ ಸಂಬಂಧಿಸಿದ್ದು. ಸಿಸ್ ಫೋಲ್ಡರ್‌ನ ಪವರ್ ಒಳಗಿರುವ ಮೆಮ್ ಅಂಡರ್‌ಸ್ಕೋರ್ ಸ್ಲೀಪ್ ಎಂಬ ಕಡತದಲ್ಲಿ ಎಸ್2ಐಡಲ್ (ಹಗುರವಾದ ಸ್ಲೀಪ್) ಮತ್ತು ಡೀಪ್ (ಗಾಢವಾದ ಸ್ಲೀಪ್) ಎರಡೂ ಇದ್ದರೆ, ಚೌಕಾವರಣದಲ್ಲಿರುವುದು ಈಗ ಬಳಕೆಯಲ್ಲಿರುವ ಬಗೆ. ಇನ್ನೊಂದಕ್ಕೆ ಬದಲಿಸಿ ಪರೀಕ್ಷಿಸಬಹುದು, ಮರುಪ್ರಾರಂಭವಾದಾಗ ಹಳೆಯದೇ ಹಿಂದಿರುಗುತ್ತದೆ. ಡೀಪ್ ಎಂಬುದು ಅಲ್ಲಿ ಇಲ್ಲವೇ ಇಲ್ಲದಿದ್ದರೆ ಯಂತ್ರದೊಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಅದನ್ನು ಒದಗಿಸುತ್ತಿಲ್ಲ.

ಪ್ರತಿ ಬದಲಾವಣೆಯ ನಂತರ ಹಲವು ಬಾರಿ ಮಲಗಿಸಿ ಎಬ್ಬಿಸಿ ನೋಡಿ. ಮುಚ್ಚಳ ಮುಚ್ಚಿಯೂ ಮೆನುವಿನಿಂದಲೂ, ಹೊರಗಿನ ಮಾನಿಟರ್ ಜೋಡಿಸಿಯೂ ಬಿಡಿಸಿಯೂ ಪರೀಕ್ಷಿಸಿ. ಫಲಿಸಿದ ಬದಲಾವಣೆಯನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಂಡರೆ, ಮುಂದೆ ಹೊಸ ಕರ್ನಲ್ ಬಂದಾಗ ಅದನ್ನು ತೆಗೆದುಹಾಕಿ ಇನ್ನೂ ಅಗತ್ಯವಿದೆಯೇ ಎಂದು ಪರಿಶೀಲಿಸಬಹುದು.